ನುಣ್ಣನೆಯ ನೆಲ, ಹದಿನಾಲ್ಕು ಕುದುರೆ

...ಇಲ್ಲ, ಅದು ಹಾಗಿರಲಾರದು. ಬಾಬಯ್ಯನ ಕುದುರೆ ಬಿದ್ದದ್ದನ್ನು ನಾನು ಮೇಲಿನಿಂದ ನೋಡುತ್ತೇನೆ. ಕಣ್ಣು ಮುಚ್ಚಿದರೆ ಇವತ್ತಿಗೂ ಕಾಣುವುದು ಇಷ್ಟು: ಕಂದು ಬೆನ್ನು, ಬೆನ್ನಿನ ನಡುವೆ ಬೆವರಿನ ಗೆರೆ, ಕೆಳಗೆ ಕನ್ನಡಿಯಂಥ ಕರಿಯ ನೆಲ, ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ. ಹಾಗೆ ಕಾಣಬೇಕಾದರೆ ನಾನು ಛಾವಣಿಯ ಮೇಲಿರಬೇಕಿತ್ತು. ಆದರೆ ಛಾವಣಿಗೆ ಆಗಲೇ ಶೀಟು ಹೊದಿಸಿ ಆಗಿತ್ತು. ಮೇಲೆ ಹತ್ತಿದ್ದರೂ ಒಳಗಿನದು ಕಾಣುತ್ತಿರಲಿಲ್ಲ. ಹಾಗಾದರೆ ನಾನು ಎಲ್ಲಿ ನಿಂತಿದ್ದೆ? ಬಾಗಿಲಲ್ಲೋ, ಒಳಗೋ, ಅಥವಾ ಆಫೀಸಿನಲ್ಲಿ ಕೂತಿದ್ದು ಆಮೇಲೆ ಓಡಿಬಂದೆನೋ? ನನ್ನ ಡೈರಿ ಇನ್ನೂ ಇದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿದೆ: "ಲಾಯದ ನೆಲ ಪರೀಕ್ಷೆ. ತೃಪ್ತಿಕರ." ಬೆಳಿಗ್ಗೆಯೇ ಬರೆದುಬಿಟ್ಟಿದ್ದೆ ಅಂತ ಕಾಣುತ್ತದೆ. ಆ ಕಾಲದಲ್ಲಿ ನಾವೆಲ್ಲ ಹಾಗೇ ಬರೆಯುತ್ತಿದ್ದೆವು, ಕೆಲಸಕ್ಕೆ ಮೊದಲೇ ತೃಪ್ತಿ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದು ಇಲಾಖೆಯವರು ಕೇಳಿದ್ದಾರೆ. ಯಾವ ವರ್ಷ ಯಾವ ಹುದ್ದೆ ಎಂಬುದನ್ನು ಸರ್ವಿಸ್ ಬುಕ್ಕು ನನಗಿಂತ ಚೆನ್ನಾಗಿ ಹೇಳುತ್ತದೆ, ಅದನ್ನೇ ಓದಿಕೊಳ್ಳಿ. ನಾನು ಬರೆಯುವುದು ಒಂದು ನೆಲದ ವಿಷಯ. ನೆನಪನ್ನು ನಾನು ನಂಬುವುದಿಲ್ಲ, ಆದರೆ ಆ ಏಳು ದಿನ ನೆನೆದರೆ ಈಗಲೂ ಎದೆ ಡವಗುಟ್ಟುತ್ತದೆ. ಎದೆ ಸುಳ್ಳು ಹೇಳಲಿಕ್ಕಿಲ್ಲ. ಹೇಳಿದರೂ ಹೇಳೀತು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನಾಗ ಸರ್ಕಾರಿ ಕಟ್ಟಡಗಳ ವರ್ಕ್ ಇನ್‌ಸ್ಪೆಕ್ಟರು. ಆಂಧ್ರದ ಗಡಿಯ ಹಿಂದೂಪುರದಲ್ಲಿ ರೈಲು ನಿಲ್ದಾಣದ ಆಚೆ ಒಂದು ದುಂಡನೆಯ ಬಯಲಿತ್ತು, ಊರಿನ ಸ್ವತ್ತು. ವರ್ಷಕ್ಕೊಮ್ಮೆ ಅಲ್ಲಿ ಜಟಕಾ ಪಂದ್ಯ. ಗಾಡಿ ಕಟ್ಟಿದ ಕುದುರೆ ಬಯಲಿಗೆ ಐದು ಸುತ್ತು ಬರಬೇಕು, ಆದರೆ ನಾಗಾಲೋಟಕ್ಕೆ ಬಿದ್ದರೆ ಔಟು. ಬಾಡಿಗೆಗೆ ಓಡುವ ಅದೇ ಜೋಡಿ ಹೆಜ್ಜೆಯಲ್ಲಿ, ಟಕ್ ಟಕ್, ಟಕ್ ಟಕ್, ಎಷ್ಟು ಬೇಗ ಆದೀತೋ ಅಷ್ಟು ಬೇಗ. ಹೆಜ್ಜೆ ಮುರಿಯಿತೇ ಇಲ್ಲವೇ ಎಂದು ಹೇಳಲು ನನ್ನನ್ನು ಕೂರಿಸುತ್ತಿದ್ದರು. ನಾನು ನೇಕಾರರ ಮನೆಯವನು. ಮಗ್ಗದ ಸದ್ದು ಒಂದು ಎಳೆ ತಪ್ಪಿದರೂ ಕಿವಿಗೆ ತಿಳಿಯುತ್ತಿತ್ತು. ಕುದುರೆಯದೂ ತಿಳಿಯುತ್ತಿತ್ತು. ನಾನು ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದೆ. ಜನ ಚಪ್ಪಾಳೆ ಹೊಡೆಯುತ್ತಿದ್ದರು, ಸೋತವರು ಬೈಯುತ್ತಿದ್ದರು.

ಬಯಲಿನ ಅಂಚಿಗೆ ಲಾಯ. ಊರಿನ ಹದಿನಾಲ್ಕು ಜಟಕಾ ಕುದುರೆಗಳು ವರ್ಷವಿಡೀ ಅಲ್ಲೇ. ಮಣ್ಣಿನ ಗೋಡೆ, ನಾಡಹೆಂಚು. ಒಂದು ಗಾಳಿಗೆ ಅರ್ಧ ಬಿತ್ತು, ಇನ್ನರ್ಧ ಬೀಳಲು ಕಾಯುತ್ತಿತ್ತು. ಹೊಸದು ಕಟ್ಟಿಸಬೇಕೆಂದು ಕೌನ್ಸಿಲ್ ಮೀಟಿಂಗಿಗೆ ವಿಷಯ ಬಂದ ದಿನ ಹಾಲ್ ಕಿತ್ತುಹೋಗುವಷ್ಟು ಗಲಾಟೆ. ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ಒಬ್ಬ ಸದಸ್ಯರಿದ್ದರು, ನಾವೆಲ್ಲ ಮಂಡಿ ಮೆಂಬರು ಅನ್ನುತ್ತಿದ್ದೆವು. ಅವರು ಮೇಜು ಗುದ್ದಿದರು.

"ನಮ್ ಬೀದಿ ಇಸ್ಕೂಲಲ್ಲಿ ಮಕ್ಳು ಬೇವಿನ ಮರದ ಕೆಳ್ಗೆ ಕುಂತವ್ರೆ. ಜನಗಳ ದುಡ್ಡು ತಗಂಡೋಗಿ ಕುದ್ರೆ ಕಾಲಡೀಗೆ ಆಕ್ತೀರಾ?"

ತಪ್ಪು ಮಾತಲ್ಲ. ಆದರೆ ಅವತ್ತು ಜಟಕಾದವರ ಪರವಾಗಿ ಬಾಬಯ್ಯ ಬಾಗಿಲಲ್ಲಿ ನಿಂತಿದ್ದ. ನಲವತ್ತರ ಆಸುಪಾಸು, ತೆಳ್ಳಗೆ, ಹೆಗಲ ಮೇಲೆ ಕೆಂಪು ಟವೆಲ್ಲು. ಒಳಗೆ ಮಾತಾಡಲು ಅವನಿಗೆ ಹಕ್ಕಿರಲಿಲ್ಲ, ಬಾಗಿಲಿಂದಲೇ ಹೇಳಿದ.

"ಅಣ್ಣಾ, ಆ ಇಸ್ಕೂಲು ಮೇಷ್ಟ್ರನ್ನ ದಿನಾ ಬೆಳಿಗ್ಗೆ ಟೇಸನ್ನಿಂದ ಕರ್ಕೊಂಡು ಬರೋದು ಯಾರು? ನಿಮ್ ಮಂಡಿ ಲೆಕ್ಕದವ್ರನ್ನ? ಪಂದ್ಯದ ದಿನ ಟಿಕೀಟು ಮಾರಿ ಬೀದಿ ದೀಪ ಆಕ್ತೀರಲ್ಲ, ಓಡೋರು ಯಾರು, ನೀವಾ?"

ಹಾಲ್ ನಕ್ಕಿತು. ಮಂಡಿ ಮೆಂಬರೂ ನಕ್ಕರು. ನಿರ್ಣಯ ಪಾಸಾಯಿತು.

ಆದರೆ ಸರ್ಕಾರದ ಯಾವ ಯೋಜನೆಯಲ್ಲೂ ಕುದುರೆ ಲಾಯ ಎಂಬ ಬಾಬು ಇರಲಿಲ್ಲ. ದನದ ಕೊಟ್ಟಿಗೆಗೆ ಅನುದಾನವಿತ್ತು. ನಮ್ಮ ಡಿ.ಇ. ಸಾಹೇಬರು, ಅಂದರೆ ಡೆಪ್ಯುಟಿ ಇಂಜಿನಿಯರು, ಕೋಸ್ತಾ ಕಡೆಯವರು, ಕರಾವಳಿ ಆಂಧ್ರದವರು; ಕನ್ನಡ ಅರ್ಥವಾಗುತ್ತಿತ್ತು, ಆಡುವುದು ತೆಲುಗೇ. ಫೈಲು ನೋಡಿ ಕನ್ನಡಕ ಹಣೆಗೇರಿಸಿದರು.

"ಏಮಯ್ಯಾ ಚೌಡಪ್ಪಾ, ಗುರ್ರಾಲಕಿ ಪ್ಯಾಲೆಸ್ಸು ಕಡತಾವಾ?"

"ಕುದುರೆಗೆ ಅರಮನೆ ಅಲ್ಲ ಸಾರ್, ಬರೀ ಲಾಯ."

"ಗುರ್ರಂ ಕೂಡಾ ಪಶುವೇ ಕದಾ," ಎಂದು ಸಹಿ ಹಾಕಿದರು. ಕುದುರೆಯೂ ಪಶುವೇ. ಕಾಗದದಲ್ಲಿ ಹದಿನಾಲ್ಕು ಕುದುರೆಗಳು ಹದಿನಾಲ್ಕು ದನಗಳಾದವು. ಕೊಟ್ಟಿಗೆಯ ಸಿದ್ಧ ನಕ್ಷೆ ನನ್ನ ಕೈಗೆ ಬಂತು.

ಆಗಿನ ಕೆಲಸದ ರೀತಿ ನಿಮಗೆ ಹೇಳಬೇಕು. ನಕ್ಷೆ ಬಟ್ಟೆಯ ಮೇಲೆ, ಇಂಡಿಯನ್ ಇಂಕಿನಲ್ಲಿ. ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕು. ಕೆರೆದು ಕೆರೆದು ಬಟ್ಟೆ ತೂತಾದರೆ ಮೊದಲಿಂದ. ಅದರಲ್ಲಿ ಒಂದು ಒಳ್ಳೆಯದಿತ್ತು: ಗೆರೆ ಎಳೆಯುವ ಮೊದಲು ಯೋಚಿಸುತ್ತಿದ್ದೆವು. ಈಗಿನಂತೆ ಒತ್ತಿದರೆ ಅಳಿಸುವ ಸೌಕರ್ಯ ಇರಲಿಲ್ಲ. ನಾನು ಬಾಬಯ್ಯನನ್ನು ಕೂರಿಸಿಕೊಂಡು ಕೇಳಿದೆ. ಅವನು ಹೇಳಿದ: ಗೋದಲಿ ದನಕ್ಕಿರುವಂತೆ ನೆಲಕ್ಕೆ ಬೇಡ, ಎದೆಯ ಮಟ್ಟಕ್ಕಿರಲಿ. ಕಟ್ಟುವ ಬಳೆ ಮೇಲಿರಲಿ. ಎರಡು ಕುದುರೆಗಳ ನಡುವೆ ಗಟ್ಟಿ ಅಡ್ಡ ಇರಲಿ, ಚುಕ್ಕಿಗೂ ಪಕ್ಕದವಳಿಗೂ ಆಗುವುದಿಲ್ಲ. ಚುಕ್ಕಿ ಅವನ ಹೆಣ್ಣು ಕುದುರೆ, ಹಣೆಯಲ್ಲಿ ಬಿಳಿ ಮಚ್ಚೆ. ಮೂರು ವರ್ಷ ಪಂದ್ಯ ಗೆದ್ದವಳು, ಆಗ ಗಬ್ಬವಾಗಿದ್ದಳು. ಅವನು ಹೇಳಿದ್ದನ್ನೆಲ್ಲ ಕೆರೆದು ತಿದ್ದಿದೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು: ಜಟಕಾ ಹೊಡೆಯುವವನನ್ನು ಕೂರಿಸಿ ಕೇಳುವ ಇನ್‌ಸ್ಪೆಕ್ಟರು ಎಲ್ಲಿದ್ದಾನೆ!

ನೆಲದ ಬಗ್ಗೆ ಮಾತ್ರ ಯಾರನ್ನೂ ಕೇಳಲಿಲ್ಲ. ನೆಲದ ವಿಷಯ ನನಗೆ ಗೊತ್ತಿತ್ತು.

ನಕ್ಷೆಯಲ್ಲಿ ಸಿಮೆಂಟು ನೆಲವಿತ್ತು. ಸಿಮೆಂಟಿಗೆ ಆಗ ಪರ್ಮಿಟ್ಟು. ಮೂಟೆ ಬಂದರೆ ಹಬ್ಬ. ಸಿಕ್ಕಷ್ಟು ಗಾರೆಗೇ ಸಾಲದು. ಹಾಗಾಗಿ ನಾನು ತಾಡಪತ್ರಿಯ ಕರಿಬಂಡೆ ತರಿಸಿದೆ. ನಮ್ಮ ಮನೆಯಲ್ಲಿ ಅದೇ ನೆಲ. ನೇಕಾರರ ಮನೆಯಲ್ಲಿ ನೆಲವೆಂದರೆ ನುಣ್ಣಗಿರಬೇಕು. ಮಗ್ಗದ ಹಾಸು ಹರಡಿದಾಗ ಒಂದು ತರಕಲು ಮೂಲೆ ಸಾಕು, ನೂಲು ಸಿಕ್ಕಿ ಹರಿಯುತ್ತದೆ, ಒಂದು ದಿನದ ಕೆಲಸ ಹಾಳು. ಅಪ್ಪ ಹೊಸ ಮನೆಗೆ ಹೋದರೆ ಮೊದಲು ಬಗ್ಗಿ ಅಂಗೈಯಿಂದ ನೆಲ ಸವರುತ್ತಿದ್ದ. ನಾನೂ ಲಾಯದ ಒಂದೊಂದು ಕಲ್ಲನ್ನೂ ಹಾಗೇ ಸವರಿದೆ. ತೃಪ್ತಿಯಾಗಲಿಲ್ಲ. ಮೇಸ್ತ್ರಿಗೆ ಹೇಳಿ ಇನ್ನೊಮ್ಮೆ ಉಜ್ಜಿಸಿದೆ. ಕೊನೆಗೆ ಮುಖ ಕಾಣುವಂತಾಯಿತು. ಡಿ.ಇ. ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬಂದರು!

ಮತ್ತೆ, ಕುದುರೆ ಕಟ್ಟುವ ಮೊದಲ ದಿನ. ಹಳೆಯ ಲಾಯದ ಉಳಿದರ್ಧವನ್ನು ನಾವೇ ಕೆಡವಿದ್ದೆವು. ಬಾಬಯ್ಯ ಚುಕ್ಕಿಯನ್ನು ಹಿಡಿದು ಒಳಗೆ ಬಂದ. ಲಾಳ ಕಟ್ಟಿದ ಕಾಲು, ಒದ್ದೆ. ಹೊರಗೆ ತೊಟ್ಟಿಯಲ್ಲಿ ನೀರು ಕುಡಿಸಿ ತಂದಿದ್ದ. ಮೂರು ಹೆಜ್ಜೆ ಸರಿಯಿತ್ತು. ನಾಲ್ಕನೆಯದಕ್ಕೆ ಹಿಂದಿನ ಎಡಗಾಲು ಜಾರಿತು, ಅದನ್ನು ಹಿಡಿಯಲು ಹೋಗಿ ಉಳಿದ ಮೂರೂ ಜಾರಿದವು. ನನಗೆ ಕಾಣುವುದು ಆ ಮೇಲಿನ ನೋಟ. ಆದರೆ ಸದ್ದು ಪಕ್ಕದಿಂದ ಕೇಳುತ್ತದೆ, ಕಬ್ಬಿಣ ಕಲ್ಲನ್ನು ಕೆರೆಯುವ ಸದ್ದು, ಆಮೇಲೆ ದೊಡ್ಡ ಮೂಟೆ ಕೆಳಗೆ ಹಾಕಿದಂತೆ. ಸದ್ದು ಅಷ್ಟು ಹತ್ತಿರವಾದ್ದರಿಂದ ನಾನು ಅಲ್ಲೇ ಇದ್ದೆ ಎಂದುಕೊಳ್ಳುತ್ತೇನೆ.

ಏಳಲು ಹೋದಷ್ಟೂ ಜಾರಿತು. ಕಣ್ಣಿನ ಬಿಳಿ ಕಾಣುತ್ತಿತ್ತು. ಬಾಬಯ್ಯ ಅದರ ಕುತ್ತಿಗೆಯ ಮೇಲೆ ಮಲಗಿಬಿಟ್ಟ, ಅಲುಗದಂತೆ. "ಇರು ತಾಯಿ, ಇರವ್ವ, ಒಸಿ ತಡಿ." ಜಟಕಾದವರೆಲ್ಲ ಹೆಗಲ ಟವೆಲ್ಲು, ಅಂಗಿ, ಗೋಣಿ, ಕೈಗೆ ಸಿಕ್ಕಿದ್ದನ್ನು ಕಾಲ ಕೆಳಗೆ ತುರುಕಿದರು. ಬಟ್ಟೆಯ ಮೇಲೆ ಕಾಲೂರಿ ಚುಕ್ಕಿ ಎದ್ದಳು. ಹಿಂದಿನ ಎಡಗಾಲನ್ನು ನೆಲಕ್ಕೆ ಮುಟ್ಟಿಸಲಿಲ್ಲ.

ಬಾಬಯ್ಯ ಆ ಕಾಲನ್ನು ಮೇಲಿಂದ ಕೆಳಗೆ ಒತ್ತಿ ಒತ್ತಿ ನೋಡಿದ. ಬಹಳ ಹೊತ್ತು. "ಮುರಿದಿಲ್ಲ," ಅಂದ. ಆಮೇಲೆ ನನ್ನ ಕಡೆ ತಿರುಗಿದ.

"ಮುರಿದಿದ್ರೆ ಇವಳನ್ನ ಏನ್ ಮಾಡ್ಬೇಕಾಗಿತ್ತು ಅಂತ ಗೊತ್ತೇನ್ ಸಾರ್ ನಿಮ್ಗೆ? ಹೊಟ್ಟೇಲಿರೋದೂ ಸೇರಿ?"

ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಕಾಲು ಮುರಿದ ಕುದುರೆಗೆ ಔಷಧಿ ಇರಲಿಲ್ಲ.

ಹದಿನಾಲ್ಕೂ ಕುದುರೆಗಳು ಬಯಲಲ್ಲಿ ಬಿಸಿಲಿಗೆ ನಿಂತವು. ಮರುದಿನವೇ ಮಂಡಿ ಮೆಂಬರು ಆಫೀಸಿಗೆ ಬಂದರು. ಸಿಟ್ಟಿರಲಿಲ್ಲ ಅವರಿಗೆ, ಖುಷಿಯೂ ಇರಲಿಲ್ಲ, ವ್ಯಾಪಾರದ ಮಾತು. "ಕುದ್ರೆ ನಿಲ್ಲದ ಲಾಯ ಯಾತಕ್ಕೆ ಸಾಮಿ? ಮಂಡಿಗೆ ಕೊಡ್ರಿ, ಉಣಸೆಹಣ್ಣು ಜಾರಿ ಬೀಳಾಕಿಲ್ಲ." ಬರುವ ಸೋಮವಾರ ಅನಂತಪುರದಿಂದ ದೊಡ್ಡ ಇಂಜಿನಿಯರು ಕಟ್ಟಡ ನೋಡಲು ಬರುವವರಿದ್ದರು. ಅಷ್ಟರಲ್ಲಿ ಕುದುರೆಗಳು ಒಳಗೆ ನಿಂತರೆ ಲಾಯ, ಇಲ್ಲವಾದರೆ ಗೋದಾಮು. ಹಾಗೆಂದು ತೀರ್ಮಾನವಾಯಿತು. ಹಳೆಯದು ಇರಲಿಲ್ಲ, ಹೊಸದು ದಕ್ಕುವಂತಿರಲಿಲ್ಲ. ಹದಿನಾಲ್ಕು ಮನೆಯ ಅನ್ನ ಜಾರಿಬೀಳುವಂತೆ ನಾನೇ ನೆಲ ನುಣ್ಣಗೆ ಉಜ್ಜಿಸಿದ್ದೆ.

ಏಳು ದಿನ. ಈ ಭಾಗ ಬರೆಯುವಾಗ ಕೈ ಓಡುತ್ತದೆ, ಅದಕ್ಕೇ ನನಗೆ ಅನುಮಾನ. ಎಷ್ಟು ಸಲ ಟೀ ಅಂಗಡಿಯಲ್ಲಿ ಹೇಳಿದ್ದೇನೋ, ಹೇಳಿ ಹೇಳಿ ಮಾತು ಸವೆದು ನುಣ್ಣಗಾಗಿದೆ. ಆದಷ್ಟು ತರಕಲಾಗಿಯೇ ಬರೆಯುತ್ತೇನೆ.

ಮೊದಲು ಮರಳು ಹಾಕಿಸಿದೆ. ಗಂಜಲದ ಲೆಕ್ಕಕ್ಕೆ ನೀರು ಹೊಯ್ದು ನೋಡಿದರೆ ಮರಳು ಹರಿದು ಮೋರಿ ಕಟ್ಟಿಕೊಂಡಿತು. ಆಮೇಲೆ ಎಣ್ಣೆ ಮಿಲ್ಲಿನಿಂದ ಕಡಲೆಕಾಯಿ ಸಿಪ್ಪೆ ಗಾಡಿಗಟ್ಟಲೆ ತಂದು ಹರಡಿದೆ. ಅದರ ಮೇಲೆ ನಾನೇ ನಡೆದು ನೋಡಿದೆ, ನಾನೇ ಜಾರಿ ಬಿದ್ದೆ. ಸೊಂಟ ಹಿಡಿದು ಏಳುವಾಗ ಒಬ್ಬ ಜಟಕಾದವನು, "ಸಾರಿಗೂ ಲಾಳ ಕಟ್ಸ್ರಲಾ," ಅಂದ. ಮೂರನೆಯದು ಹುಲ್ಲು. ದಪ್ಪಕ್ಕೆ ಹಾಸಿದೆ. ಅದು ಬಹಳ ಚೆನ್ನಾಗಿತ್ತು. ಬಯಲಿಂದ ಎರಡು ಕುದುರೆಗಳು ಕತ್ತು ಚಾಚಿ ಬಾಗಿಲ ಹತ್ತಿರದ್ದನ್ನು ಸಂಜೆಯೊಳಗೆ ತಿಂದು ಮುಗಿಸಿದವು. ದನವಾದರೆ ತುಳಿದದ್ದನ್ನು ಮೂಸುವುದಿಲ್ಲ ಅಂತ ನನ್ನ ಎಣಿಕೆ. ಅದೂ ಸರಿಯೋ ಇಲ್ಲವೋ. ಕಲ್ಲು ಕೀಳೋಣವೆಂದರೆ ಗಾರೆಯಲ್ಲಿ ಕೂತುಬಿಟ್ಟಿದ್ದವು, ಮತ್ತೆ ಹಾಸಲು ಸಿಮೆಂಟಿಲ್ಲ.

ಮೂರು ದಿನ ಹೋಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಊಟಕ್ಕೆ ಅಂತ ಮನೆಗೆ ಹೋದರೆ ಹಿತ್ತಿಲಲ್ಲಿ ಟಣ್ ಟಣ್ ಟಣ್. ವರ್ಷಕ್ಕೊಮ್ಮೆ ಕಲ್ಯಾಣದುರ್ಗದ ಕಡೆಯಿಂದ ಬರುವ ಓಬುಳಮ್ಮ ನಮ್ಮ ಒರಳಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಒರಳು, ಬೀಸುಕಲ್ಲು ಸವೆದಾಗ ಉಳಿಯಿಂದ ಹೊಸ ಕಚ್ಚು ಹೊಡೆದುಕೊಡುವುದು ಅವಳ ಕಸುಬು. ಕಚ್ಚಿಲ್ಲದ ಕಲ್ಲಿನಲ್ಲಿ ಕಾಳು ಅರೆಯುವುದಿಲ್ಲ, ಜಾರುತ್ತದೆ. ಅಮ್ಮ ಎಂದಿನಂತೆ ಜಗಳ ತೆಗೆದಿದ್ದಳು.

"ಹೋದ್ ವರ್ಷ ಒಡೆದಿದ್ದು ಆರೇ ತಿಂಗ್ಳಿಗೆ ಸವೆದೋಯ್ತಲ್ಲೇ ಓಬುಳಮ್ಮ."

"ನಿಮ್ಮನೇಲಿ ದೋಸೆ ಜಾಸ್ತಿ ಆದ್ರೆ ನಾನೇನ್ ಮಾಡ್ಲವ್ವ? ಕಲ್ಲು ಸವೆದ್ರೆ ತಾನೆ ನಾನು ಉಣ್ಣಾದು."

"ನೀನು ಉಣ್ಣು, ಕಲ್ಲಿನ ಪುಡಿ ನಾವು ಉಣ್ತೀವಿ."

ನಾನು ಕೈ ತೊಳೆಯದೆ ಹೋಗಿ ಬಗ್ಗಿ ಒರಳಿನ ಒಳಗೆ ಅಂಗೈ ಇಟ್ಟೆ. ಅಪ್ಪ ನೆಲ ಸವರುತ್ತಿದ್ದ ಹಾಗೆ. ಅಂಗೈ ಹಿಡಿಯಿತು! ಒತ್ತಿದೆ, ತಿರುಗಿಸಿದೆ, ಜಾರಲಿಲ್ಲ. ಅಲ್ಲೇ ಕೂಗಿಬಿಟ್ಟೆನಂತೆ. ಏನೆಂದು ಕೂಗಿದೆನೋ ಅಮ್ಮ ಇರುವವರೆಗೂ ಅಣಕಿಸುತ್ತಿದ್ದಳು, ನನಗೆ ನೆನಪಿಲ್ಲ.

"ಓಬುಳಮ್ಮ, ಇದನ್ನ ನೆಲಕ್ಕೆ ಹೊಡೀತೀಯಾ?"

"ಯಾವ್ ನೆಲಕ್ಕೆ?"

"ಕುದುರೆ ಲಾಯದ ನೆಲಕ್ಕೆ."

ಅವಳು ಉಳಿ ಕೆಳಗಿಟ್ಟು ಅಮ್ಮನ ಮುಖ ನೋಡಿದಳು. "ನಿನ್ ಮಗ ಕುದ್ರೇನ ರುಬ್ಬಾಕೆ ಒಂಟವ್ನೇನವ್ವ?"

ಆದರೆ ಲಾಯಕ್ಕೆ ಬಂದು ನೋಡಿದ ಮೇಲೆ ನಗಲಿಲ್ಲ. ಬರಿಗಾಲಲ್ಲಿ ಒಂದು ಸುತ್ತು ನಡೆದು, ಹಿಮ್ಮಡಿಯಿಂದ ಉಜ್ಜಿ, "ಯಾವನಪ್ಪ ಈ ಕಲ್ಲನ್ನ ಕೊಂದಿರಾದು?" ಎಂದು ಕೇಳಿದಳು. ಒಬ್ಬಳಿಂದ ಒಂದು ತಿಂಗಳ ಕೆಲಸ ಅಂದಳು. ತನ್ನ ಜನ ಕಲ್ಯಾಣದುರ್ಗದಲ್ಲಿದ್ದಾರೆ, ನಾನೊಬ್ಬನೇ ಹೋಗಿ ಕರೆದರೆ ಅವರು ಬರುವುದಿಲ್ಲ ಎಂದಳು. "ನಾನೂ ಬತ್ತೀನಿ, ನಡಿ."

ಮಡಕಶಿರಾ ಮೇಲಿನ ಬಸ್ಸು, ಅಲ್ಲಿಂದ ಇನ್ನೊಂದು. ಕಲ್ಯಾಣದುರ್ಗದಲ್ಲಿ ಇಳಿದರೆ ಅವಳ ಗುಡಿಸಲ ಸಾಲಿನಲ್ಲಿ ಇದ್ದವರು ಮೂವರೇ. ಉಳಿದವರು ಕಸುಬಿನ ಮೇಲೆ ಊರೂರು ಹೋಗಿದ್ದಾರೆ. ತಂಗಿ ಬ್ರಹ್ಮಸಮುದ್ರದ ಕಡೆ, ಸೊಸೆ ಬೆಳುಗುಪ್ಪ, ಇನ್ನಿಬ್ಬರು ಸೆಟ್ಟೂರು. ನನ್ನ ಕಾಲ ಕೆಳಗಿನ ನೆಲವೇ ಜಾರಿತು. ಓಬುಳಮ್ಮ ಗಾಬರಿಯಾಗಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಹೊರಡುವ ಒಂದೊಂದು ಬಸ್ಸಿನ ಕಂಡಕ್ಟರನ್ನೂ ಕಿಟಕಿಯಲ್ಲಿ ತಡೆದಳು.

"ತಮ್ಮುಡಾ, ದಾರೀಲಿ ನಮ್ಮೋರು ಕಲ್ಲು ಕುಟ್ತಾ ಕಂಡ್ರೆ ಹೇಳು: ಓಬುಳಮ್ಮ ಕರೀತಾವ್ಳೆ, ಉಳಿ ತಗಂಡು ರೇಪು ಪೊದ್ದುನ ಇಲ್ಲಿರಬೇಕು."

ನಾಳೆ ಬೆಳಿಗ್ಗೆಗೆ! ಫೋನಿಲ್ಲ, ತಂತಿಯಿಲ್ಲ. ಆ ರಾತ್ರಿ ನಾನು ಪರಿಚಯದವರ ಮನೆಯ ಜಗುಲಿಯಲ್ಲಿ ಮಲಗಿ, ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದರೆ ಬ್ರಹ್ಮಸಮುದ್ರದ ಬಸ್ಸಿನಿಂದ ಮೊದಲು ಒಂದು ಗೋಣಿಚೀಲ ಹೊರಗೆ ಬಿತ್ತು, ಟಣಾರ್ ಎಂದು. ಅದರ ಹಿಂದೆ ತಂಗಿ. ಬೆಳುಗುಪ್ಪ ಬಸ್ಸಿನಿಂದ ಸೊಸೆ ಮತ್ತು ಅವಳ ಜೊತೆಗಾರ್ತಿ. ಆಮೇಲೆ ಸೆಟ್ಟೂರಿನ ಇಬ್ಬರೂ. ನಾನು ಆ ಬಸ್‌ಸ್ಟ್ಯಾಂಡಿನಲ್ಲಿ ಕುಣಿಯುವುದೊಂದು ಬಾಕಿ. ಹಾಜರಿ ಪಟ್ಟಿಯಲ್ಲಿ ಒಂಬತ್ತು ಹೆಬ್ಬೆಟ್ಟುಗಳಿವೆ; ನನ್ನ ನೆನಪಿನಲ್ಲಿ ನೆಲದ ಮೇಲೆ ಬಾಗಿದ ಬೆನ್ನುಗಳು ಹನ್ನೊಂದು. ಎರಡು ಬೆನ್ನು ಎಲ್ಲಿಂದ ಬಂದವೋ.

ಎಲ್ಲರೂ ಹಿಂದೂಪುರಕ್ಕೆ ಬಂದಾಗ ಉಳಿದದ್ದು ಎರಡೂವರೆ ದಿನ. ಹೆಂಗಸರು ಸಾಲಾಗಿ ಕೂತರು. ಓಬುಳಮ್ಮ ಮೊದಲು ಕೇಳಿದ ಪ್ರಶ್ನೆ, "ಯಾವ ಕಚ್ಚು?" ರಾಗಿ ಬೀಸುವ ಕಲ್ಲಿಗೆ ಬೇರೆ ಆಳ, ದೋಸೆ ಹಿಟ್ಟಿಗೆ ಬೇರೆ, ಚಟ್ನಿಗೆ ಬೇರೆ. ಕುದುರೆಗೆ ಯಾವುದು? ಈ ಸಲ ನಾನು ಹೋಗಿ ಬಾಬಯ್ಯನನ್ನು ಕರೆತಂದೆ. ಅವನು ಬಯಲಿನಲ್ಲಿ ಚುಕ್ಕಿಯ ಕಾಲಿಗೆ ಅರಿಸಿನ, ಸುಣ್ಣ ಕಟ್ಟುತ್ತಿದ್ದ. ಬಂದು ಬಾಗಿಲಲ್ಲೇ ನಿಂತ.

"ಹೇಳಪ್ಪ ಕುದ್ರೆಪ್ಪ," ಎಂದಳು ಓಬುಳಮ್ಮ, "ಉದ್ದಕ್ಕೆ ಒಡೀಲಾ, ಅಡ್ಡಕ್ಕಾ?"

"ಅಡ್ಡಕ್ಕೆ ಕಣಮ್ಮ. ಕುದ್ರೆ ಹಿಂದಿನ ಕಾಲಲ್ಲಿ ಒದ್ದು ಮುಂದಕ್ಕೆ ಹೋಯ್ತೈತೆ. ಉದ್ದಕ್ಕೆ ಒಡೆದ್ರೆ ಜಾರುಬಂಡೆ ಆಗ್ಬುಡ್ತೈತೆ."

"ಎಷ್ಟು ಆಳ?"

"ಲಾಳದ ಅಂಚು ಕಚ್ಬೇಕು, ಸಿಕ್ಕಾಕ್ಕೋಬಾರ್ದು."

ಅವಳು ಒಂದು ಕಲ್ಲಿಗೆ ನಾಲ್ಕು ಏಟು ಹಾಕಿ, ಬೆರಳಿಂದ ಧೂಳು ಊದಿ, ಹಿಂದೆ ತಿರುಗಿ ಕೂಗಿದಳು: "ಚಟ್ನಿ ಕಚ್ಚು ಕಣ್ರೇ! ರಾಗಿ ಕಚ್ಚಲ್ಲ!" ಒಂಬತ್ತು ಜನರೂ ನಕ್ಕು ಉಳಿ ಎತ್ತಿದರು.

ಆ ಸದ್ದು! ಒಂಬತ್ತು ಉಳಿ, ಒಂದೊಂದಕ್ಕೆ ಒಂದೊಂದು ತಾಳ, ಶೀಟಿನ ಛಾವಣಿ ಅದನ್ನೆಲ್ಲ ಹಿಡಿದು ವಾಪಸ್ಸು ಎಸೆಯುತ್ತಿತ್ತು. ನಮ್ಮ ಬೀದಿಯ ಮಗ್ಗಗಳೆಲ್ಲ ಒಂದೇ ಕೋಣೆಗೆ ಬಂದ ಹಾಗೆ. ನಾನು ಉಜ್ಜಿಸಿ ಹೊಳಪು ಕೊಟ್ಟ ಕಲ್ಲು ಬೂದಿ ಬಣ್ಣಕ್ಕೆ ತಿರುಗುತ್ತ ಬಂತು, ಒಂದು ಅಂಕಣ, ಎರಡು ಅಂಕಣ. ಊರಿನ ಜನ ನೋಡಲು ಬಂದರು. ನಾನು ನೀರು ಹೊತ್ತೆ, ಉಳಿ ಹದ ಮಾಡಿಸಲು ಕಮ್ಮಾರನ ಹತ್ತಿರ ಓಡಿದೆ, ಮತ್ತೆ ಓಡಿ ಬಂದೆ. ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ಅಷ್ಟು ಖುಷಿಯಾಗಿ ನಾನು ಓಡಿದ್ದಿಲ್ಲ. ಮಧ್ಯೆ ಒಮ್ಮೆ ಬಾಬಯ್ಯ ನನ್ನ ಪಕ್ಕ ಬಂದು, "ಸಾರ್, ನಾನು..." ಎಂದು ಶುರು ಮಾಡಿದ. ಉಳಿಯ ಸದ್ದಿನಲ್ಲಿ ಮಾತು ನಿಲ್ಲಿಸಿದ. ನಾನು ಏನೆಂದು ಕೇಳಲಿಲ್ಲ, ಕಮ್ಮಾರನ ಕಡೆ ಹೊರಟಿದ್ದೆ.

ಸೋಮವಾರ ದೊಡ್ಡ ಇಂಜಿನಿಯರು ಜೀಪಿನಿಂದ ಇಳಿದಾಗ ಕೊನೆಯ ಅಂಕಣದ ಧೂಳು ಗುಡಿಸುತ್ತಿದ್ದರು. ಡಿ.ಇ. ಸಾಹೇಬರು ಮೂರು ದಿನ ಅನಂತಪುರದಲ್ಲಿದ್ದು ಅವರ ಜೊತೆಯಲ್ಲೇ ಬಂದಿದ್ದರು. ಒಳಗೆ ನೋಡಿದ ಸಾಹೇಬರ ಮುಖ ಬಿಳಿಚಿಕೊಂಡಿತು.

"ಕೊತ್ತ ರಾಳ್ಳು ಎವರಯ್ಯಾ ಪಾಡು ಚೇಸಿಂದಿ?" ಹೊಸ ಕಲ್ಲನ್ನು ಯಾರು ಹಾಳು ಮಾಡಿದ್ದು?

"ನಾನೇ ಸಾರ್. ಮೊದಲು ಹಾಳು ಮಾಡಿದ್ದೂ ನಾನೇ."

ದೊಡ್ಡ ಇಂಜಿನಿಯರು ಬೂಟಿನ ಅಡಿಯಿಂದ ನೆಲ ಉಜ್ಜಿ ನೋಡಿದರು. ಮಂಡಿ ಮೆಂಬರು ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದರು. ಹೆಂಗಸರು ಗೋಡೆಗೊರಗಿ ಕೂತಿದ್ದರು, ಕೈಗೆಲ್ಲ ಬಟ್ಟೆ ಸುತ್ತಿಕೊಂಡು. ಹದಿಮೂರು ಜಟಕಾದವರು ತಮ್ಮ ಕುದುರೆ ಹಿಡಿದು ಹೊರಗೆ. ಅವರ ಮಾತು ಒಂದೇ: ಬಿದ್ದವಳು ಮೊದಲು ಹೋಗಲಿ, ಅವಳು ನಿಂತರೆ ನಮ್ಮವೂ ನಿಲ್ಲುತ್ತವೆ.

ಬಾಬಯ್ಯ ಕುಂಟುತ್ತಿದ್ದ ಚುಕ್ಕಿಯನ್ನು ಬಾಗಿಲಿಗೆ ತಂದ. ಅವಳು ಹೊಸ್ತಿಲ ಮುಂದೆ ನಿಂತು ನೆಲ ಮೂಸಿದಳು. ಮುಂಗಾಲು ಇಟ್ಟಳು. ತೆಗೆದುಕೊಂಡಳು. ಕಿವಿ ಹಿಂದಕ್ಕೆ ಮಡಚಿದವು. ಯಾರೋ, "ಎಳಿಯಲಾ," ಅಂದರು. ಬಾಬಯ್ಯ ಎಳೆಯಲಿಲ್ಲ. ಹಗ್ಗ ಕೈಬಿಟ್ಟ. ಅವಳಿಗೆ ಬೆನ್ನು ತಿರುಗಿಸಿ ತಾನೊಬ್ಬನೇ ಒಳಗೆ ನಡೆದು, ಅವಳ ಅಂಕಣದ ಗೋದಲಿಗೆ ಒರಗಿ ನಿಂತ.

"ಬತ್ತೀಯೋ ಬಿಡ್ತೀಯೋ ನಿನ್ನಿಷ್ಟ ಕಣಮ್ಮ. ನಾನಂತೂ ಇಲ್ಲೇ ಇರ್ತೀನಿ."

ನಾನು ಪಂದ್ಯದ ದಿನದಂತೆ ಕಣ್ಣು ಮುಚ್ಚಿಕೊಂಡೆ. ಟಕ್. ಕಬ್ಬಿಣ ಕಲ್ಲನ್ನು ಕಚ್ಚುವ ಒಂದು ಸಣ್ಣ ಕರ್. ಟಕ್. ಟಕ್. ನಾಲ್ಕನೆಯದು ಬಹಳ ಮೆತ್ತಗೆ, ನೋವಿನ ಕಾಲು. ಮತ್ತೆ ಟಕ್. ಎಷ್ಟು ಹೆಜ್ಜೆ ಎಂದು ಎಣಿಸುತ್ತಿದ್ದೆ, ಲೆಕ್ಕ ತಪ್ಪಿತು, ಕಣ್ಣು ಬಿಟ್ಟೆ. ಚುಕ್ಕಿ ಬಾಬಯ್ಯನ ಹೆಗಲ ಮೇಲಿನ ಕೆಂಪು ಟವೆಲ್ಲು ಕಚ್ಚಿ ಎಳೆಯುತ್ತಿದ್ದಳು. ಓಬುಳಮ್ಮ, "ನಿಂತ್ಕಂಡ್ಲು ನೋಡ್ರೇ!" ಎಂದು ಚೀರಿದಳು. ಹದಿಮೂರೂ ಒಂದರ ಹಿಂದೆ ಒಂದು ಒಳಗೆ ಬಂದವು, ಛಾವಣಿ ಗುಡುಗಿತು.

"ಸರಿ ಬಿಡ್ರಪ್ಪ," ಎಂದರು ಮಂಡಿ ಮೆಂಬರು, "ಕುದ್ರೆಗಳೇ ಓಟು ಹಾಕ್ಬುಟ್ವು." ಆಮೇಲೆ ನನ್ನ ಕಿವಿಯ ಹತ್ತಿರ, "ಮುಂದಿನ ಸಲ ಇಸ್ಕೂಲಿಗೂ ಇಂಗೇ ಓಡಪ್ಪ." ಓಡಿದೆ, ಅದು ಬೇರೆ ಕತೆ.

ದೊಡ್ಡ ಇಂಜಿನಿಯರು ಜೀಪು ಹತ್ತುವ ಮೊದಲು ಕೇಳಿದರು, ಈ ಕೆಲಸ ಯಾವ ಪುಸ್ತಕದಲ್ಲಿದೆ ಎಂದು. ಯಾವ ಪುಸ್ತಕದಲ್ಲೂ ಇಲ್ಲ, ಒರಳಿನ ಕಚ್ಚು ಸಾರ್ ಎಂದೆ. ಸಣ್ಣ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ಇಲ್ಲಿಗೆ ಟೀ ಅಂಗಡಿಯ ಕತೆ ಮುಗಿಯುವುದಿಲ್ಲ. ಅಲ್ಲಿ ನಾನು ಹೇಳುವಾಗ ಅದೇ ಸೋಮವಾರ ಮಧ್ಯಾಹ್ನ ಚುಕ್ಕಿ ಮರಿ ಹಾಕುತ್ತಾಳೆ, ಮರಿ ನಡುಗುವ ಕಾಲನ್ನು ಕಚ್ಚು ಹೊಡೆದ ನೆಲಕ್ಕೆ ಊರಿ ಎದ್ದು ನಿಲ್ಲುತ್ತದೆ, ಓಬುಳಮ್ಮ ಅಳುತ್ತಾಳೆ. ಸುಳ್ಳು. ಮರಿ ಹುಟ್ಟಿದ್ದು ತಿಂಗಳುಗಳ ಮೇಲೆ. ಓಬುಳಮ್ಮ ಅಷ್ಟರಲ್ಲಿ ಯಾವ ಊರಿನ ಯಾವ ಹಿತ್ತಿಲಲ್ಲಿದ್ದಳೋ. ನನ್ನನ್ನು ಕಲ್ಯಾಣದುರ್ಗಕ್ಕೆ ಹಾಕಿದ್ದರು, ನಾನೂ ನೋಡಲಿಲ್ಲ. ಮರಿ ಎದ್ದು ನಿಂತಿತು ಎಂದು ಪೋಸ್ಟ್ ಕಾರ್ಡಿನಲ್ಲಿ ಓದಿದೆ, ಅಷ್ಟೇ. ಚುಕ್ಕಿ ಗಾಡಿ ಎಳೆದಳು, ಪಂದ್ಯಕ್ಕೆ ಮತ್ತೆ ಬರಲಿಲ್ಲ. ಅವಳ ನಾಲ್ಕನೆಯ ಹೆಜ್ಜೆ ಕೊನೆಯವರೆಗೂ ಮೆತ್ತಗೇ ಇತ್ತು.

ಕಲ್ಯಾಣದುರ್ಗದಲ್ಲಿ ನಾನು ಹಾಕಿಸಿದ ಮೆಟ್ಟಿಲು, ನೀರಿನ ಕಟ್ಟೆ, ಆಸ್ಪತ್ರೆಯ ಇಳಿಜಾರು, ಎಲ್ಲಕ್ಕೂ ಚಟ್ನಿ ಕಚ್ಚು. ನೆಲ ಹಾಸುವ ಮೊದಲು ಒಂದೇ ಒಂದು ಕಲ್ಲು ಇಟ್ಟು, ಅದರ ಮೇಲೆ ನಡೆಯುವವರನ್ನು ನಡೆಸುತ್ತಿದ್ದೆ. ನಿಮಗೆ ಹೇಳಬಹುದಾದದ್ದು ಅದೊಂದೇ.

ತೊಂಬತ್ತರ ದಶಕದಲ್ಲಿ, ನಿವೃತ್ತಿಗೆ ಸ್ವಲ್ಪ ಮುಂಚೆ, ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಾಬಯ್ಯ ಸಿಕ್ಕಿದ. ಮಗಳ ಮನೆಗೆ ಬಂದಿದ್ದನಂತೆ. ತಲೆ ಪೂರ್ತಿ ಬೆಳ್ಳಗೆ, ಹೆಗಲ ಮೇಲೆ ಅದೇ ಥರದ ಟವೆಲ್ಲು. ಟೀ ಕುಡಿಯುತ್ತ ನಾನು ಹಳೆಯದನ್ನೆಲ್ಲ ಹೇಳಿ ನಗಿಸಿದೆ. ಅವನೂ ನಕ್ಕ. ನಗುತ್ತಲೇ ಹೇಳಿದ.

"ನಾನು ಮೊದ್ಲೇ ಹೇಳಿದ್ನಲ್ಲ ಸಾರ್."

"ಏನು?"

"ಕೊನೇ ಸಾಲು ಕಲ್ಲು ಆಕ್ತಿದ್ರಲ್ಲ, ಅವತ್ತು. ಜಾರ್ತೈತೆ ಸಾರ್ ಅಂದೆ. ನೀವು ಬಗ್ಗಿ ಮೂಲೆ ಸವರ್ತಿದ್ರಿ. ಊಂ ಅಂದ್ರಿ. ಸಾರಿಗೆ ಗೊತ್ತಿರ್ತೈತೆ ಬಿಡು ಅಂತ ನಾನೂ ಸುಮ್ಕಾದೆ."

ದೂರಿನ ಮಾತಲ್ಲ. ಲೋಟ ಇಟ್ಟು ಬಸ್ಸು ಹತ್ತಿದ.

ನನ್ನ ನೆನಪು ಬೇರೆ. ಅವತ್ತು ಅವನು ಬಂದದ್ದು ನಿಜ. ಕಾಲಿನ ಹೆಬ್ಬೆರಳಿಂದ ಕಲ್ಲಿನ ಮೇಲೆ ಒಂದು ಗೆರೆ ಎಳೆದಂತೆ ಮಾಡಿದ, ಏನೂ ಹೇಳದೆ ಹೋದ. ಹಾಗೆಂದು ಇಷ್ಟು ವರ್ಷ ನಾನು ಕಂಡುಕೊಂಡು ಬಂದಿದ್ದೇನೆ. ಆದರೆ ಕುದುರೆ ಬಿದ್ದದ್ದನ್ನು ಛಾವಣಿಯಿಂದ ಕಂಡ ಕಣ್ಣು ಇದೇ. ಡೈರಿಯಲ್ಲಿ, ಕೊನೆಯ ಸಾಲು ಕಲ್ಲು ಹಾಸಿದ ಆ ದಿನದ ಪುಟ ಖಾಲಿ. ಪಕ್ಕದಲ್ಲಿದ್ದ ಮೇಸ್ತ್ರಿ ತೀರಿಕೊಂಡ. ಉಳಿ ಸದ್ದಿನ ನಡುವೆ ಬಾಬಯ್ಯ "ಸಾರ್, ನಾನು..." ಎಂದು ನಿಲ್ಲಿಸಿದ್ದು ಇದನ್ನೇ ಹೇಳಲಿಕ್ಕೋ, ಉಳಿ ಸಾಲದು ಎನ್ನಲಿಕ್ಕೋ, ಅದೂ ತಿಳಿಯದು.

ಅವನು ಹೇಳಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.